ಸದ್ಯಕ್ಕೆ ಸಬಕಾರ

ಆ ಬೆಳಿಗ್ಗೆ ಹೊಸಪೇಟೆಯ ನಮ್ಮ ಅಂಗಳದಲ್ಲಿದ್ದವರು ನಾಲ್ವರು: ನಾನು, ಹೆಂಡತಿ ಗಿರಿಜೆ, ಅಕ್ಕ ನಾಗಮ್ಮ, ಮತ್ತು ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದ ಮೆಕ್ಯಾನಿಕ್ ಹುಲುಗಪ್ಪ. ಐದನೆಯದಾಗಿ ಪೆಟ್ರೋಲ್ ವಾಸನೆಯೂ ಬಂದು ಕೂತಿತ್ತು. ಅದನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ.

ಚೋರನೂರಿನಲ್ಲಿ ಅಕ್ಕನ ಮಗಳು ಸವಿತಾಗೆ ದಿನ ತುಂಬಿತ್ತು. ಹೆರಿಗೆಯಾಗುವ ತನಕ ಕಾರಿನ ಸಮೇತ ಅಲ್ಲೇ ಇರಬೇಕೆಂದು ನನ್ನನ್ನು ಕರೆದೊಯ್ಯಲು ಅಕ್ಕ ಬಂದಿದ್ದಳು. ಇಪ್ಪತ್ತು ವರ್ಷ ದಾಟಿದ ನನ್ನ ಕಾರೋ, ಸಂಡೂರಿನ ಏರು ಕಂಡರೆ ಕೆಮ್ಮಿ ನಿಲ್ಲುತ್ತಿತ್ತು. ಪೆಟ್ರೋಲ್ ಸೋಸುವ ಫಿಲ್ಟರನ್ನು ಹುಲುಗಪ್ಪ ಬಿಚ್ಚಿ ತೋರಿಸಿದ. ಒಳಗಿನದು ಹೊರಗೆ ಕಾಣಬೇಕಾದ ಆ ಪುಟ್ಟ ಡಬ್ಬಿ ಗಣಿಯ ದೂಳು ಕುಡಿದು ಕುಂಕುಮದ ಭರಣಿಯಾಗಿತ್ತು. ಹೊಸದನ್ನು ಕೂರಿಸಿ, "ಇನ್ನ ಹೊಂಡ್ರಿ" ಅಂದ.

ಹೊರಡುವ ಮುನ್ನ ಗಾಡಿಗೆ ಆರತಿ ಆಗಬೇಕಲ್ಲ? ನಾನು ಎಂಜಿನ್ ಚಾಲೂ ಮಾಡಿ ಕೈಮುಗಿದು ಕುಳಿತೆ. ಅಕ್ಕ ತೆಂಗಿನಕಾಯಿಯ ಮೇಲೆ ಕರ್ಪೂರ ಹಚ್ಚಿಕೊಂಡು ಕಾರಿನ ಮುಂದೆ ಬಂದಳು. ಅಷ್ಟರಲ್ಲಿ ಗಿರಿಜೆಯ ಕಣ್ಣು ತನ್ನ ರಂಗೋಲಿಯ ಮೇಲೆ ಬಿತ್ತು. ಅದು ತೊಯ್ಯುತ್ತಿತ್ತು, ನೀರಿನಿಂದಲ್ಲ.

"ಪೆಟ್ರೋಲ್ ಸೋರಾಕತ್ತೈತಿ! ಆರ್ಸ್ರಿ ಅದನ್ನ!"

"ಕರ್ಪೂರ ಬಾಯಿಲೆ ಊದಬಾರ್ದವ್ವ. ತಾನ ಆರ್ತೈತಿ, ತಡಿ," ಅಂದಳು ಅಕ್ಕ.

ಕೆಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿದೆ, ಮೇಲೆ ಬೆಂಕಿ ಹಿಡಿದು ನಮ್ಮಕ್ಕ ಶಾಸ್ತ್ರ ಹೇಳುತ್ತಿದ್ದಾಳೆ! ಹುಲುಗಪ್ಪ ಕಾಯಿ ಕಸಿದುಕೊಂಡು ಬೀದಿಗೆ ಓಡಿದ. ನಾನು ಎಂಜಿನ್ ಆರಿಸಿ ಇಳಿದೆ.

ಭಯ ಇಳಿದ ಮೇಲೆ ಕೋಪ ಏರಿತು. ಫಿಲ್ಟರಿಗೆ ಬರುವ ರಬ್ಬರ್ ಪೈಪನ್ನು ಎಳೆದು ನೋಡಿದರೆ, ಸೀಳಿನ ಮೇಲೆ ಒಣಗಿ ಬಿರಿದ ಬಿಳಿ ಮೆತ್ತೆ. ಬಟ್ಟೆ ಒಗೆಯುವ ಸಬಕಾರ! ಪೆಟ್ರೋಲಿನಲ್ಲಿ ಅದು ಕರಗುವುದಿಲ್ಲವೆಂದು ಲಾರಿಯವರು ಕಂಡುಕೊಂಡ ಜಾಣತನವಿದು. ಊರು ಮುಟ್ಟುವ ತನಕ ಇರಲೆಂದು ಅವರು ಹಚ್ಚುತ್ತಾರೆ. ನಾವು ಊರು ಮುಟ್ಟಿ, ಉಂಡು, ಮಲಗಿ, ತಿಂಗಳು ಕಳೆದರೂ ತೆಗೆಯುವುದಿಲ್ಲ.

"ಏನಲೇ ಇದು? ಬಸುರಿ ಹೆಣ್ಮಗಳು ಕುಂದ್ರೂ ಗಾಡಿ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

"ಹಚ್ಚು ಅಂದಾವ್ರು ಯಾರ್ರೀ? ಹೋದ ತಿಂಗ್ಳು ಪೈಪ್ ಬದಲ್ಸೂಣು ಅಂದ್ರ, ಕಂಪ್ಲಿ ಮದಿವಿಗೆ ಹೊತ್ತಾತು, ಸದ್ಯಕ್ಕ ಏನಾರ ಹಚ್ಚಲೇ ಅಂದ್ರಿ."

"ಇವತ್ತು ಬದಲ್ಸಾಕ ಏನಾಗಿತ್ತು?"

"ನೀವು ಫಿಲ್ಟರ್ ಅಂದ್ರಿ, ಪೈಪ್ ಅನ್ಲಿಲ್ಲ. ಕೇಳಿದ್ರ ಬೈತೀರಿ."

ಇದಕ್ಕೆ ಇನ್ನೂ ಸಿಟ್ಟು ಬಂತು. ನನ್ನ ಬೈಗುಳಕ್ಕೆ ಹೆದರುವವನು ಬೆಂಕಿಗೆ ಹೆದರಬಾರದೆ? ಆದರೆ ನನ್ನ ಮನೆಯ ನಲ್ಲಿಗೆ ಸೈಕಲ್ ಟ್ಯೂಬ್ ಸುತ್ತಿದವನು ನಾನೇ. ಗೇಟಿಗೆ ತಂತಿ, ಕನ್ನಡಕದ ಕಾಲಿಗೆ ದಾರ, ಎಲ್ಲವೂ ಸದ್ಯಕ್ಕೆ! ಅತ್ತ ಹಂಪಿಯಲ್ಲಿ ಹಿಂದಿನವರು ಗಾರೆಯನ್ನೂ ನಂಬದೆ ಕಲ್ಲಿಗೆ ಕಲ್ಲು ಕೂರಿಸಿ ಹೋದರು. ಅವರ ನೆರೆಯಲ್ಲಿ ಹುಟ್ಟಿದ ನಾನು, ಮಗಳಂಥ ಹುಡುಗಿಯನ್ನು ಸಬಕಾರದ ಭರವಸೆಯ ಮೇಲೆ ಕೂರಿಸಲು ಹೊರಟಿದ್ದೆ. ನನ್ನನ್ನು ನಾನು ಎಷ್ಟು ಬೈದುಕೊಂಡರೂ ಸಾಲಲಿಲ್ಲ. ಉಳಿದದ್ದನ್ನು ಹುಲುಗಪ್ಪನಿಗೇ ಬೈದೆ.

ಅವನು ಬಜಾರಕ್ಕೆ ಹೋಗಿ ಹೊಸ ಪೈಪು, ಹೊಸ ಕ್ಲಿಪ್ಪು ತಂದು ಹಾಕಿದ. ಎಂಜಿನ್ ಓಡಲು ಬಿಟ್ಟು ಕೆಳಗೆ ಹಳೆಯ ಪೇಪರ್ ಹಾಸಿ, ಅರ್ಧ ಗಂಟೆ ನೆಲಕ್ಕೆ ಕಣ್ಣಿಟ್ಟು ಕೂತ. ಪೇಪರ್ ಒಣಗಿಯೇ ಇತ್ತು. ಅಕ್ಕ ಮತ್ತೆ ಕರ್ಪೂರ ತೆಗೆಯುವ ಮೊದಲೇ ನಾನು ಗಾಡಿ ಬಿಟ್ಟೆ.

ಮೂರನೆಯ ದಿನ ಸವಿತಾಗೆ ನೋವು ಶುರುವಾಯಿತು. ಕಾರು ಎಲ್ಲೂ ನಿಲ್ಲದೆ ಏರು ಹತ್ತಿ ಇಳಿದು ಹೊಸಪೇಟೆಯ ಆಸ್ಪತ್ರೆ ಮುಟ್ಟಿತು. ಸಂಜೆಗೆ ಹೆಣ್ಣು ಮಗು. ಮಾರನೆಯ ದಿನ ಹುಲುಗಪ್ಪ ಆಸ್ಪತ್ರೆಗೆ ಬಂದ. ಎತ್ತಿಕೋ ಎಂದು ಅಕ್ಕ ಮಗುವನ್ನು ಮುಂದೆ ಚಾಚಿದಳು. "ಬ್ಯಾಡ್ರಿ ಅಕ್ಕಾರ, ಕೈಗೆ ಪೆಟ್ರೋಲ್ ವಾಸ್ನಿ ಐತಿ," ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲ ಹತ್ತಿರವೇ ನಿಂತು ಬಹಳ ಹೊತ್ತು ನೋಡಿದ.