ನೀರು ತಾಗಬಾರದ ಕೈ

ಏಳು ದಿನ ಎಡಗೈಗೆ ನೀರು ತಾಗಿಸಬಾರದು ಎಂದು ಹೊಳೆನರಸೀಪುರದ ಡಾಕ್ಟರು ಹೇಳಿದಾಗ ಶಾಂತಿ ತಲೆಯಾಡಿಸಿದಳು. ಪಕ್ಕದಲ್ಲಿ ನಿಂತಿದ್ದ ಗಂಡ ಪುಟ್ಟರಾಜು ಅವಳಿಗಿಂತ ಜೋರಾಗಿ ತಲೆಯಾಡಿಸಿ, ನಾನು ನೋಡ್ಕೋತೀನಿ ಬುಡಿ ಸಾ ಎಂದ. ಬಸ್‌ಸ್ಟ್ಯಾಂಡಿಗೆ ಬಂದಮೇಲೆ ಅವನಿಗೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ನೆನಪಾಯಿತು. ಅವಳೊಬ್ಬಳನ್ನೇ ಊರಿನ ಬಸ್ಸು ಹತ್ತಿಸಿದ. ಶಾಂತಿ ಮನೆಗೆ ಬಂದು ಹಿತ್ತಲಲ್ಲಿ ಚಪ್ಪಲಿ ಬಿಟ್ಟು, ಬಲಗೈಯಲ್ಲಿ ಚೊಂಬೆತ್ತಿ ಕಾಲಿಗೆ ನೀರು ಹೊಯ್ದುಕೊಂಡಳು. ಎಡಗೈ ತಾನಾಗಿಯೇ ಪಾದ ಉಜ್ಜಲು ಕೆಳಗೆ ಹೋಯಿತು. ಅರ್ಧದಲ್ಲೇ ಹಿಂದಕ್ಕೆಳೆದುಕೊಂಡಳು. ಏಳು ದಿನದಲ್ಲಿ ಮೊದಲ ಗಂಟೆಯೂ ಇನ್ನೂ ಮುಗಿದಿರಲಿಲ್ಲ.

ಅವಳಿಗೆ ನಲವತ್ತೊಂದು. ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಇಷ್ಟು ವರ್ಷದಲ್ಲಿ ತನ್ನ ಕೈ ದಿನಕ್ಕೆ ಎಷ್ಟು ಸಲ ಒದ್ದೆಯಾಗುತ್ತದೆಂದು ಅವಳು ಎಣಿಸಿದವಳಲ್ಲ. ಬೆಳಗ್ಗೆ ಹೊಸ್ತಿಲು ತೊಳೆಯುವಾಗ ನೆನೆದ ಕೈ ರಾತ್ರಿ ಒಲೆಕಟ್ಟೆ ಒರೆಸುವವರೆಗೂ ಪೂರ್ತಿ ಒಣಗುವುದೇ ಇಲ್ಲ. ಒಣಗಿತು ಅನ್ನುವಷ್ಟರಲ್ಲಿ ಮಾವನಿಗೆ ನೀರು ಬೇಕು, ಹಸುವಿನ ಕೆಚ್ಚಲು ತೊಳೆಯಬೇಕು, ಸೊಪ್ಪು ಜಾಲಿಸಬೇಕು. ಅವಳ ಸೆರಗಿನ ಒಂದು ಮೂಲೆ ಸದಾ ತೇವವಾಗಿಯೇ ಇರುತ್ತದೆ.

ಗಾಯ ಆದದ್ದು ಸೀಮೆಹುಲ್ಲು ಕೊಯ್ಯುವಾಗ. ಕುಡುಗೋಲು ಜಾರಿ ತೋರುಬೆರಳಿನ ಬುಡದಿಂದ ಅಂಗೈ ನಡುವಿನವರೆಗೆ ಸೀಳಿತ್ತು. ಅತ್ತೆ ಚಿಕ್ಕಲಕ್ಷ್ಮಮ್ಮ ಓಡಿಬಂದು ಡಬ್ಬಿಯಲ್ಲಿದ್ದ ಕಾಫಿಪುಡಿಯನ್ನೆಲ್ಲ ಮೆತ್ತಿ ಬಟ್ಟೆ ಕಟ್ಟಿದಳು. ರಕ್ತವೇನೋ ನಿಂತಿತು. ಮಾರನೆಯ ದಿನ, ಹಸುವಿನ ಕೆಚ್ಚಲು ಬಿರಿದಾಗ ತಂದಿದ್ದ ಮುಲಾಮಿನ ಟ್ಯೂಬು ಗೂಡಿನಿಂದ ಹೊರಗೆ ಬಂತು. ಆ ಮನೆಯಲ್ಲಿ ಹಿಮ್ಮಡಿ ಒಡೆದರೂ ಅದೇ, ಮೊಣಕಾಲು ತರಚಿದರೂ ಅದೇ. ನಾಲ್ಕನೆಯ ದಿನ ಅಂಗೈ ಬೋಂಡದ ಹಾಗೆ ಊದಿಕೊಂಡು, ಬೆರಳು ಮಡಚಲು ಬಾರದಂತಾಗಿ, ಕಂಕುಳಲ್ಲಿ ಗಡ್ಡೆ ಕಟ್ಟಿತು. ಆಗ ಆಸ್ಪತ್ರೆ.

ಡಾಕ್ಟರು ಗಾಯದ ಒಳಗಿಂದ ಕಾಫಿಪುಡಿ ತೊಳೆಯುವುದಕ್ಕೇ ಅರ್ಧ ಗಂಟೆ ತೆಗೆದುಕೊಂಡರು. ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದು, ಗಾಯದ ಮೇಲೆ ಬೂದು ಬಣ್ಣದ ದಪ್ಪನೆಯ ಪಟ್ಟಿಯೊಂದನ್ನು ಕೂರಿಸಿದರು. ಇದರ ಒಳಮೈಗೆ ಬೆಳ್ಳಿ ಲೇಪಿಸಿರುತ್ತಾರೆ, ಅದು ಸ್ವಲ್ಪ ಸ್ವಲ್ಪವಾಗಿ ಗಾಯಕ್ಕೆ ಇಳಿದು ಕ್ರಿಮಿ ಬೆಳೆಯದಂತೆ ತಡೆಯುತ್ತದೆ ಎಂದು ವಿವರಿಸಿದರು. ದಿನಾ ಬಿಚ್ಚಿ ಮುಲಾಮು ಹಚ್ಚುವ ಗೋಜಿಲ್ಲ, ಬಿಚ್ಚಲೂಬಾರದು. ಆದರೆ ಒಳಗೆ ತೇವ ನಿಂತರೆ ಚರ್ಮ ನೆನೆದು ಕೊಳೆಯುತ್ತದೆ, ಆಗ ಬೆಳ್ಳಿಯಿಂದಲೂ ಏನೂ ಆಗದು. ನರ್ಸು ವರ್ಷಾ ಬ್ಯಾಂಡೇಜು ಸುತ್ತುತ್ತಾ, ಒಂದು ಜೊತೆ ರಬ್ಬರ್ ಗ್ಲೌಸ್ ತಗೊಂಡುಬಿಡಿ ಅಂದಳು. ತರ್ತೀನಿ ಎಂದವನು ಪುಟ್ಟರಾಜು. ಅವನು ಆ ವಾರ ದಿನಾ ಪೇಟೆಗೆ ಹೋದ, ದಿನಾ ಮರೆತು ಬಂದ.

ಮನೆಯಲ್ಲಿ ಯಾರೂ ಅವಳನ್ನು ಕೆಲಸ ಮಾಡು ಎಂದು ಗದರಲಿಲ್ಲ. ಅದನ್ನು ಹೇಳಲೇಬೇಕು. ಮಾವ ಲಕ್ಕಯ್ಯ, ಕೈ ಜೋಪಾನ ಕಣವ್ವ ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರು; ಹೇಳಿ, ಕಾಫಿ ಲೋಟ ಅಲ್ಲೇ ಇಟ್ಟು ಏಳುತ್ತಿದ್ದರು. ಅತ್ತೆ, ನೀನು ಸುಮ್ನೆ ಕೂತಿರು ಅನ್ನುತ್ತಿದ್ದಳು. ಅವಳ ಮಂಡಿ ಬಗ್ಗುತ್ತಿರಲಿಲ್ಲ, ಮಣಿಕಟ್ಟಿನಲ್ಲಿ ಶಕ್ತಿ ಇರಲಿಲ್ಲ. ಮಗಳು ಅನುಶ್ರೀ ಎರಡನೇ ಪಿಯುಸಿ. ಕಾಲೇಜಿಗೆ ಹೋಗುವ ಮೊದಲು ಪಾತ್ರೆ ತೊಳೆದು, ಬಂದು ಬಟ್ಟೆ ಒಗೆದು, ಪುಸ್ತಕದ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದಳು. ಉಳಿದದ್ದೆಲ್ಲ ಇಷ್ಟೇ ಇಷ್ಟು. ಒಂದು ಹಾಲಿನ ಪಾತ್ರೆ. ಒಂದು ಹಿಡಿ ಸೊಪ್ಪು. ಮಾವನ ಒಂದು ಪಂಚೆ, ಅದೂ ಬರೀ ಜಾಲಿಸುವುದು. ಎಲ್ಲದಕ್ಕೂ ಒಂದೇ ಮಾತು: ಎಡಗೈ ತಾನೆ.

ಎಡಗೈ ಏನು ಕೆಲಸ ಮಾಡುತ್ತದೆಂದು ಶಾಂತಿಗೂ ಗೊತ್ತಿರಲಿಲ್ಲ, ಅದು ಕೂತಮೇಲೆ ಗೊತ್ತಾಯಿತು. ಬಲಗೈ ಉಜ್ಜಬೇಕಾದರೆ ಪಾತ್ರೆ ಹಿಡಿಯುವುದು ಅದು. ಬಟ್ಟೆ ಹಿಂಡುವಾಗ ಇನ್ನೊಂದು ತುದಿ ಹಿಡಿಯುವುದು ಅದು. ಬಲಗೈ ಯಜಮಾನನ ಹಾಗೆ ಎದುರಿಗೆ ಕಾಣಿಸುತ್ತದೆ, ಇದು ಹಿಂದೆ ನಿಂತು ಎಲ್ಲವನ್ನೂ ಹಿಡಿದುಕೊಂಡಿರುತ್ತದೆ.

ಪಕ್ಕದ ಮನೆಯ ನಂಜಮ್ಮ ನೋಡಲು ಬಂದವಳು ಪಟ್ಟಿಯ ವಿಷಯ ಕೇಳಿ ನಕ್ಕಳು. "ಕಾಲಿಗೆ ಹಾಕ್ಕೊಳಕ್ಕೇ ಬೆಳ್ಳಿ ಇಲ್ದಿರೋ ನಮಗೆ ಅಂಗೈಗೆ ಬಂತಲ್ಲೇ ಶಾಂತಿ."

"ನಮ್ ಕೈ ಯಾವ್ ಬೆಳ್ಳಿ ಕಂಡಿತ್ತು," ಅಂದಳು ಚಿಕ್ಕಲಕ್ಷ್ಮಮ್ಮ. "ಬೂದಿ ಮೆತ್ಕಂಡು ಗದ್ದೆಗೆ ಇಳೀತಿದ್ವಿ." ಹಾಗೆನ್ನುತ್ತಾ ನೀರಿಗೆಂದು ಕೈ ಚಾಚಿದಳು. ಎರಡು ಬೆರಳು ಎಂದೋ ಬಾಗಿದ್ದವು ಹಾಗೇ ನಿಂತುಹೋಗಿದ್ದವು. ಅವು ಯಾವಾಗಿನಿಂದ ಹಾಗಿವೆ ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ.

ಹಾಲಿನ ಪಾತ್ರೆ, ಸೊಪ್ಪು, ಪಂಚೆ ಇವೆಲ್ಲದರಿಂದ ಶಾಂತಿ ಹೇಗೋ ತಪ್ಪಿಸಿಕೊಂಡಳು. ತಪ್ಪಿಸಿಕೊಳ್ಳಲಾಗದ್ದು ಮುದ್ದೆ. ಲಕ್ಕಯ್ಯನಿಗೆ ಎರಡು ಹೊತ್ತೂ ಮುದ್ದೆ ಬೇಕು, ಪುಟ್ಟರಾಜುವಿಗೂ ಅಷ್ಟೆ. ಹಿಟ್ಟು ತಿರುವುವುದನ್ನು ಅನುಶ್ರೀ ಹೇಗೋ ಮಾಡುತ್ತಿದ್ದಳು. ಕಟ್ಟುವುದು ಅವಳಿಗೆ ಬರುತ್ತಿರಲಿಲ್ಲ. ಕುದಿಯುವ ಹಿಟ್ಟನ್ನು ಮಣೆಗೆ ಹಾಕಿ, ಎರಡೂ ಅಂಗೈಗೆ ತಣ್ಣೀರು ಮುಟ್ಟಿಸಿಕೊಂಡು, ಸುಡುವ ಮೊದಲೇ ಉರುಳಿಸಿ ಬಿಡಬೇಕು. ಮತ್ತೆ ನೀರು, ಮತ್ತೆ ಉರುಳಿಸು. ಒಂದೇ ಕೈಯಲ್ಲಿ ಕಟ್ಟಲು ಹೋಗಿ ಮೊದಲ ದಿನ ಮುದ್ದೆ ಬಿರುಕುಬಿಟ್ಟು ಕೂತಿತು. ಲಕ್ಕಯ್ಯ ಅರ್ಧ ಬಿಟ್ಟು ಎದ್ದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಮಾರನೆಯ ದಿನ ಅವಳೊಂದು ಉಪಾಯ ಮಾಡಿದಳು. ಬ್ಯಾಂಡೇಜಿನ ಮೇಲೆ ಬ್ರೆಡ್ಡಿನ ಕವರು ಹಾಕಿ, ಮಣಿಕಟ್ಟಿಗೆ ಎರಡು ರಬ್ಬರ್ ಬ್ಯಾಂಡ್ ಬಿಗಿದು, ಕವರನ್ನೇ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟಿದಳು. ನುಣ್ಣಗೆ ಬಂತು. ಒಂದು ಹನಿ ನೀರೂ ಒಳಗೆ ಹೋಗಲಿಲ್ಲ. ಆರು ದಿನ, ದಿನಕ್ಕೆರಡು ಸಲ ಹಾಗೇ ಮಾಡಿದಳು. ಮೂರನೆಯ ದಿನದ ಹೊತ್ತಿಗೆ ಕವರಿನೊಳಗೆ ಕೈ ಬೆಚ್ಚಗೆ, ಜಿಗುಟಾಗಿ ಅನ್ನಿಸಿತ್ತು. ಬಿಚ್ಚಬೇಡಿ ಅಂದಿದ್ದಾರೆ ಎಂದು ಬಿಚ್ಚಿ ನೋಡಲಿಲ್ಲ. ಒಳಗೆ ಬೆಳ್ಳಿ ಇದೆ, ಅದು ನೋಡಿಕೊಳ್ಳುತ್ತದೆ ಅಂದುಕೊಂಡಳು. ಮುದ್ದೆಯ ಬಿಸಿಗೆ ಕೈ ಬೆವರಿ, ಆ ಬೆವರು ಹೋಗಲು ದಾರಿಯಿಲ್ಲದೆ ಪಟ್ಟಿಯೊಳಗೇ ಇಂಗುತ್ತಿದೆ ಎಂದು ಅವಳಿಗೆ ಹೊಳೆಯಲಿಲ್ಲ.

ಎಂಟನೆಯ ದಿನ ವರ್ಷಾ ಪಟ್ಟಿ ಬಿಚ್ಚಿದಾಗ ವಾಸನೆ ಬಂತು. ಅಂಗೈ ಇಡೀ ದಿನ ನೀರಲ್ಲಿ ನೆನೆಸಿದ ಹಾಗೆ ಬಿಳಿಚಿಕೊಂಡಿತ್ತು, ಸೀಳಿದ ಅಂಚು ಮತ್ತೆ ಬಾಯಿ ಬಿಟ್ಟಿತ್ತು. ಡಾಕ್ಟರ ಮುಖ ಗಂಟಾಯಿತು. ಏನು ಕೆಲಸ ಮಾಡಿದ್ರಿ ಎಂದು ಕೇಳಿದರು.

ಉತ್ತರ ಕೊಟ್ಟವನು ಪುಟ್ಟರಾಜು. "ಏನೂ ಮಾಡಿಲ್ಲ ಸಾ. ಮನೇಲೇ ಇದ್ಲು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅದನ್ನು ಅವನು ನಿಜವಾಗಿಯೂ ನಂಬಿದ್ದ. ಶಾಂತಿಗೆ ಗಾಯಕ್ಕಿಂತ ಅದು ಹೆಚ್ಚು ಉರಿಯಿತು.

ಸೋಂಕು ಬೆರಳು ಮಡಚುವ ನರದ ಹತ್ತಿರ ಬಂದಿದೆ ಎಂದರು ಡಾಕ್ಟರು. ಇನ್ನೊಂದು ಸಲ ಕ್ಲೀನ್ ಮಾಡಿ ಹೊಸ ಪಟ್ಟಿ ಹಾಕುತ್ತೇನೆ, ಈ ಏಳು ದಿನವೂ ಹೀಗೇ ಆದರೆ ಹಾಸನಕ್ಕೆ ಹೋಗಿ ಆಪರೇಷನ್ ಮಾಡಿಸಬೇಕಾಗುತ್ತದೆ, ಆಮೇಲೆ ಬೆರಳು ಮಡಚುತ್ತದೋ ಇಲ್ಲವೋ ಹೇಳಲಾರೆ. ನೀರು ತಾಗಿಸಬೇಡಿ ಎಂದು ಮತ್ತೆ ಹೇಳಿದರು. ಈ ಸಲ ಶಾಂತಿ ತಲೆಯಾಡಿಸಲಿಲ್ಲ.

"ನೀರು ಅಂತ ಹೇಳ್ಬೇಡಿ ಸಾ. ಮುದ್ದೆ ಕಟ್ಬಾರ್ದು ಅಂತ ಬರ್ಕೊಡಿ."

ಡಾಕ್ಟರು ನಕ್ಕರು. ಹಾಗೆಲ್ಲ ಚೀಟಿಯಲ್ಲಿ ಬರೆಯುವುದಿಲ್ಲಮ್ಮ ಅಂದರು. ಅವಳು ಕುರ್ಚಿಯಿಂದ ಏಳಲಿಲ್ಲ. ಹೊರಗೆ ಇನ್ನೂ ಹದಿನೈದು ಜನ ಕಾಯುತ್ತಿದ್ದರು. ಕೊನೆಗೆ ವರ್ಷಾ ಪ್ಯಾಡು ಎಳೆದುಕೊಂಡು, ಹೇಳಿ ಅಕ್ಕ, ನಾನು ಬರೀತೀನಿ ಅಂದಳು. ಶಾಂತಿ ಹೇಳುತ್ತಾ ಹೋದಳು: ಹೊಸ್ತಿಲು, ಪಾತ್ರೆ, ಬಟ್ಟೆ, ಹಾಲು ಕರೆಯುವುದು, ಹಸುವಿಗೆ ಕಲಗಚ್ಚು ಇಡುವುದು, ಅಕ್ಕಿ ತೊಳೆಯುವುದು, ಸೊಪ್ಪು, ಮಾವನ ಪಂಚೆ, ಅತ್ತೆಯ ಕಾಲಿಗೆ ಬಿಸಿನೀರು. ಹಾಳೆ ಮುಗಿದು ವರ್ಷಾ ಹಿಂಬದಿಗೆ ತಿರುಗಿಸಿದಳು. ಡಾಕ್ಟರು, ಇಡೀ ಪ್ಯಾಡು ಮುಗಿಸಬೇಡಿ ಎಂದು ಗೊಣಗಿ, ಕಡೆಗೆ ರುಜು ಹಾಕಿ ಸೀಲು ಒತ್ತಿದರು. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ಮುದ್ದೆ ಇತ್ತು.

ಮನೆಯಲ್ಲಿ ಪುಟ್ಟರಾಜು ಆ ಚೀಟಿಯನ್ನು ಅಪ್ಪ ಅಮ್ಮನ ಮುಂದೆ ಗಟ್ಟಿಯಾಗಿ ಓದಿದ. ಸೀಲು ಇದ್ದದ್ದರಿಂದ ಲಕ್ಕಯ್ಯ ಕನ್ನಡಕ ಹಾಕಿಕೊಂಡು ತಾವೂ ನೋಡಿದರು. ಇಪ್ಪತ್ತೊಂದು ವರ್ಷ ಬಾಯಲ್ಲಿ ಹೇಳಿದ್ದಕ್ಕೆ ಸಿಗದ ಮರ್ಯಾದೆ ಆ ನೀಲಿ ಶಾಯಿಗೆ ಸಿಕ್ಕಿತು. ಯಾವ ತಾರೀಕಿನವರೆಗೆ ಎಂದು ಅವರು ಕೇಳಿದರು. ಬರುವ ಸೋಮವಾರ ಅಂದ ಮಗ.

"ಅನು ಮಾಡ್ತಾಳೆ ಬುಡು," ಅಂದಳು ಚಿಕ್ಕಲಕ್ಷ್ಮಮ್ಮ. "ಯಾವತ್ತಿದ್ರೂ ಕಲೀಬೇಕಲ್ಲ."

ಮೂಲೆಯಲ್ಲಿ ಓದುತ್ತಿದ್ದ ಅನುಶ್ರೀ ಪುಸ್ತಕ ಮಗುಚಿಟ್ಟು ಎದ್ದಳು. ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಬೇಡ ಅನ್ನಲಿಲ್ಲ.

"ಕುಂತ್ಕೊ ನೀನು," ಅಂದಳು ಶಾಂತಿ.

"ಅವಳ ಕೈಗೇನಾಗದೆ?" ಅತ್ತೆ ಕೇಳಿದಳು.

"ಏನೂ ಆಗಿಲ್ಲ. ಅದಕ್ಕೇ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಪುಟ್ಟರಾಜು ಅವ್ವನ ಮುಖ ನೋಡಿದ, ಅಪ್ಪನ ಮುಖ ನೋಡಿದ, ಚೀಟಿ ಮಡಚಿ ಜೇಬಿಗಿಟ್ಟು ಅಡುಗೆಮನೆಗೆ ಹೋದ. ಶಾಂತಿ ಗೋಡೆಗೊರಗಿ ನಿಂತು ಹೇಳಿಕೊಟ್ಟಳು. ಹಿಟ್ಟು ಸುರಿ, ಈಗಲೇ ತಿರುವಬೇಡ, ಕೋಲನ್ನು ಎರಡು ಕೈಯಲ್ಲಿ ಹಿಡಿ. ಮುದ್ದೆ ಗಂಟುಗಂಟಾಯಿತು. ಕಟ್ಟುವಾಗ ಎರಡು ಸಲ ಕೈಬಿಟ್ಟ.

"ಸುಡ್ತದಲ್ಲೇ ಇದು," ಅಂದ, ಹೊಸ ಸುದ್ದಿ ತಂದವನ ಹಾಗೆ.

"ಊಂ," ಅಂದಳು ಶಾಂತಿ.

ಆ ಏಳು ದಿನ ಮನೆಯಲ್ಲಿ ಮುಖ ಕೊಟ್ಟು ಮಾತಾಡಿದವರು ಕಡಿಮೆ. ಪುಟ್ಟರಾಜು ಬಾಗಿಲು ಮುಂದಕ್ಕೆಳೆದುಕೊಂಡು ಮುದ್ದೆ ಕಟ್ಟಿದ, ನಂಜಮ್ಮನ ಕಣ್ಣಿಗೆ ಬೀಳಬಾರದೆಂದು. ಹಾಲು ಡೇರಿಗೆ ತಡವಾಯಿತು. ಸಾರು ಕೆಟ್ಟಿತು. ಒಂದು ಮಧ್ಯಾಹ್ನ ಚಿಕ್ಕಲಕ್ಷ್ಮಮ್ಮ, ಒಳಗೆ ವಾಸಿಯಾಗಿರ್ತದೆ, ಒಂಚೂರು ಅಂಚು ಎತ್ತಿ ನೋಡಾನ ಎಂದು ಹಸುವಿನ ಮುಲಾಮಿನ ಟ್ಯೂಬು ಹಿಡಿದೇ ಬಂದಳು. ಶಾಂತಿ ಎದ್ದು ಹೋಗಿ ಹಿತ್ತಲ ಕಲ್ಲಿನ ಮೇಲೆ ಕೂತಳು. ಸುಮ್ಮನೆ ಕೂರುವುದು ಅವಳಿಗೂ ಸುಖವಾಗಿರಲಿಲ್ಲ. ಕಣ್ಣೆದುರು ಒರೆಸದ ಕಟ್ಟೆ, ನೆನೆಸಿಟ್ಟ ಬಟ್ಟೆ. ತನಗೇ ತಾನು ದೊಡ್ಡ ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು, ಹಾಗೆ ಅನ್ನಿಸುತ್ತಿದೆಯಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು.

ಮುಂದಿನ ಸೋಮವಾರ ಪಟ್ಟಿ ಬಿಚ್ಚಿದಾಗ ವಾಸನೆ ಇರಲಿಲ್ಲ. ತಳದಲ್ಲಿ ಕೆಂಪಗೆ ಹೊಸ ಮಾಂಸ ಬಂದಿತ್ತು, ಅಂಚು ಒಳಕ್ಕೆ ಸರಿದಿತ್ತು. ಡಾಕ್ಟರು ಬೆರಳು ಮಡಚಿಸಿದರು. ಪೂರ್ತಿ ಅಲ್ಲ, ಮುಕ್ಕಾಲು ಬಂತು. ಆಪರೇಷನ್ ಬೇಡ ಎಂದರು. ಇನ್ನೊಂದು ಪಟ್ಟಿ, ಇನ್ನೂ ಏಳು ದಿನ.

"ಇನ್ನೂ ಏಳು ದಿನಾನಾ ಸಾ?" ಪುಟ್ಟರಾಜು ಕೇಳಿದ. ಕೇಳಿ, ತನ್ನ ಬಲ ಅಂಗೈ ಮುಂದೆ ಚಾಚಿದ. ಕಡಲೆಕಾಳಿನಷ್ಟು ಒಂದು ಬೊಬ್ಬೆ. ವರ್ಷಾ ಅದಕ್ಕೆ ಸುಟ್ಟಗಾಯದ ಬಿಳಿ ಮುಲಾಮು ಹಚ್ಚಿ, ಚಿಕ್ಕದೊಂದು ಪ್ಲಾಸ್ಟರ್ ಅಂಟಿಸಿ, ಎರಡು ದಿನ ನೀರು ತಾಗಿಸಬೇಡಿ ಅಂದಳು. ಹೇಳಿದಮೇಲೆ ಶಾಂತಿಯ ಮುಖ ನೋಡಿ ತುಟಿ ಕಚ್ಚಿಕೊಂಡಳು.

ಬಸ್ಸಿನಲ್ಲಿ ಅವನು ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಕೂತಿದ್ದ. ಪಕ್ಕದವನು ಕೇಳಿದ್ದಕ್ಕೆ, ಡಾಕ್ಟ್ರು ನೀರು ಮುಟ್ಬಾರ್ದು ಅಂದವ್ರೆ ಎಂದು ಹೇಳಿದ. ಸಂಜೆ ಮನೆಯಲ್ಲೂ ಅದನ್ನೇ ಹೇಳಿ, ಚಾವಡಿಯಲ್ಲಿ ಟಿವಿ ಮುಂದೆ ಕೂತ. ಅವನಿಗೆ ಯಾರ ಚೀಟಿಯೂ ಬೇಕಾಗಲಿಲ್ಲ. ಅವ್ವ ತಾನೇ ಅವನಿಗೆ ನೀರಿನ ಲೋಟ ತಂದುಕೊಟ್ಟಳು, ಬಗ್ಗದ ಮಂಡಿಯಲ್ಲಿ.

ಏಳು ಗಂಟೆಗೆ ಲಕ್ಕಯ್ಯ ಅಡುಗೆಮನೆಯ ಕಡೆ ನೋಡಿ, ಇವತ್ತು ಯಾರು ಎಂದು ಕೇಳಿದರು.

"ಇವತ್ತು ಅನ್ನ, ಮಾವ," ಅಂದಳು ಶಾಂತಿ.

"ಅನ್ನ ಉಂಡ್ರೆ ನಂಗೆ ನಿದ್ದೆ ಬರಾಕಿಲ್ಲ ಕಣವ್ವ."

"ಅಂಗಾದ್ರೆ ನೀರು ಇಡ್ತೀನಿ. ನಿಮ್ಮ ಎರಡು ಕೈಯೂ ಚೆನ್ನಾಗವೆ. ಬನ್ನಿ, ಹೇಳ್ಕೊಡ್ತೀನಿ."

ಲಕ್ಕಯ್ಯ ತಮಾಷೆ ಎಂದುಕೊಂಡು ನಕ್ಕರು. ಅವಳು ನಗಲಿಲ್ಲ. ಅನುಶ್ರೀ ಪುಸ್ತಕದಿಂದ ತಲೆಯೆತ್ತಿದಾಗ ಬಲಗೈಯಲ್ಲಿ ಸನ್ನೆ ಮಾಡಿ ಅಲ್ಲೇ ಕೂರಿಸಿದಳು. ಪಾತ್ರೆಗೆ ನೀರು ಹಾಕಿ ಒಲೆ ಹಚ್ಚಿ, ಹಿಟ್ಟಿನ ಡಬ್ಬಿ ಪಕ್ಕದಲ್ಲಿಟ್ಟು, ಹೊಸ್ತಿಲ ಮೇಲೆ ಕೂತು ಎಡಗೈಯನ್ನು ಮಂಡಿಯ ಮೇಲೆ ಎತ್ತಿಟ್ಟುಕೊಂಡಳು. ನೀರು ಕುದಿಯಿತು. ಯಾರೂ ಬರಲಿಲ್ಲ. ಅವಳು ಉರಿ ಸಣ್ಣ ಮಾಡಿ ಬಂದು ಮತ್ತೆ ಕೂತಳು. ಹಸಿವು ಅವಳಿಗೂ ಆಗಿತ್ತು.