ತಿಕ್ಕಿದರೂ ಹೋಗದ ನೀಲಿ

ಪಕ್ಕದ ಮನೆಯವರು ನೂಲಿಗೆ ಬಣ್ಣ ಹಾಕಲು ನೀರು ಕುದಿಸಿದರೆ ಸಾಕು, ಆ ಘಾಟು ನಮ್ಮ ಅಡುಗೆಮನೆಗೆ ನುಗ್ಗುತ್ತದೆ, ಅವ್ವ ಊಟ ಬಿಟ್ಟು ಏಳುತ್ತಾಳೆ. ಇವತ್ತೂ ಎದ್ದಳು. ನೀವು ಬನಹಟ್ಟಿಗೆ ಬಂದವರಾದರೆ ಈ ಘಾಟು ನಿಮಗೂ ಗೊತ್ತು. ನಮ್ಮ ಓಣಿಯಲ್ಲಿ ಬಣ್ಣ ಹತ್ತದ ಕೈಗಳೇ ಕಡಿಮೆ.

ನನ್ನ ಅಕ್ಕ ಶೈಲಾ ಈ ಕೆಲಸದಲ್ಲಿ ಗಟ್ಟಿಗಿತ್ತಿ. ಅವಳು ಅದ್ದಿದ ನೀಲಿ, ಸೀರೆ ಹರಿದರೂ ಹೋಗುತ್ತಿರಲಿಲ್ಲ. ಹೀಗಾಗಿ ಅವಳ ತೋಳಿನ ಮೇಲೆ ನೀಲಿ ಕಲೆಗಳೆದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹೆಣ್ಣು ನೋಡಲು ಮುಧೋಳದವರು ಬರುವವರಿದ್ದರು. ಅವ್ವ ಅವಳನ್ನು ಬಚ್ಚಲಲ್ಲಿ ಕೂರಿಸಿ, ಸೀಮೆಎಣ್ಣೆ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದಳು.

“ಸಾಕ ಬಿಡ ಬೇ, ನೋಯಾಕತ್ತೈತಿ.”

“ಸುಮ್ನ ಕುಂಡ್ರು. ಇಂಥಾ ಕೈ ನೋಡಿ ಯಾರ ಒಪ್ತಾರ?”

ತಿಕ್ಕಿದಷ್ಟೂ ಕಲೆ ಹೆಚ್ಚಿತು. ಬಂದವರು ಉಪ್ಪಿಟ್ಟು ತಿಂದು ಹೋದರು. ಆ ವಾರವೇ ಜ್ವರ, ಒಸಡಿನಿಂದ ರಕ್ತ. ಜಮಖಂಡಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬೆಳಗಾವಿಯ ದೊಡ್ಡ ದವಾಖಾನೆಗೆ ಚೀಟಿ ಬರೆದುಕೊಟ್ಟರು. ತೋಳಿನ ಮೇಲಿದ್ದದ್ದು ಬಣ್ಣವಲ್ಲ, ಚರ್ಮದಡಿ ಒಸರಿದ ರಕ್ತ ಎಂದು ಅಲ್ಲಿ ಹೇಳಿ, ಸೊಂಟದ ಎಲುಬಿನಿಂದ ಮಜ್ಜೆ ತೆಗೆದರು. ರಕ್ತದ ಕ್ಯಾನ್ಸರಿನಲ್ಲೂ ಬೇರೆ ಬೇರೆ ಬಗೆಗಳಿವೆಯಂತೆ. ನಿಧಾನವಾಗಿ ಬೆಳೆಯುವ ಒಂದಕ್ಕೆ ದಿನಾ ಗುಳಿಗೆ ನುಂಗಿ ವರ್ಷಗಟ್ಟಲೆ ಬದುಕಬಹುದು. ವರದಿ ಬರುವವರೆಗೆ ನಾನು ಕಂಡ ಕಂಡ ದೇವರಿಗೆಲ್ಲ, ಆ ನಿಧಾನದ್ದನ್ನೇ ಕೊಡಪ್ಪಾ ಎಂದು ಬೇಡಿಕೊಂಡೆ. ಕ್ಯಾನ್ಸರ್ ಬೇಡುವ ಭಕ್ತನನ್ನು ಯಾವ ದೇವರು ಕಂಡಿದ್ದಾನೋ! ಅಕ್ಕನದು ಅವಸರದ್ದಾಗಿತ್ತು.

ಕೀಮೋ ಹಾಕಿದರು. ಕೂದಲು ಉದುರಿತು. ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯದು. ಒಮ್ಮೆ ರಕ್ತ ಸುಧಾರಿಸಿದೆ ಎಂದರು, ನಾವು ಪೇಢೆ ಹಂಚಿದೆವು. ಬೇಸಿಗೆಗೆ ಮುಂಚೆಯೇ ಅದು ತಿರುಗಿ ಬಂತು. ಆಮೇಲೆ ಅಕ್ಕ ಮನೆಗೆ ಬಂದದ್ದು ಸಾಯಲಿಕ್ಕೇ.

ಅಂದಿನಿಂದ ಅವ್ವನದು ಒಂದೇ ಹಟ. ತಾನು ತಿಕ್ಕಿದ್ದಕ್ಕೇ ರೋಗ ಕೆರಳಿತು, ಆವತ್ತೇ ದವಾಖಾನೆಗೆ ಒಯ್ದಿದ್ದರೆ ಮಗಳು ಉಳಿಯುತ್ತಿದ್ದಳು. ಹಾಗಲ್ಲ ಎಂದು ಡಾಕ್ಟರು ಹೇಳಿದರು, ನಾನೂ ಹೇಳಿ ಹೇಳಿ ಸೋತೆ. ಇವತ್ತು ಎಂಜಲು ಕೈಯಲ್ಲೇ ಹಿತ್ತಲಿನಲ್ಲಿ ಕೂತು ಮತ್ತೆ ಅದನ್ನೇ ತೆಗೆದಳು. ನನಗೆ ರೇಗಿತು.

“ಎಷ್ಟ ಸಲ ಹೇಳ್ಲಿ ಬೇ? ನೀ ತಿಕ್ಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಮೊದಲ ದಿನಾನ ಒಯ್ದಿದ್ರೂ ಆಕಿ ಉಳೀತಿರಲಿಲ್ಲ!”

ಅವ್ವ ನನ್ನ ಮುಖವನ್ನೇ ನೋಡಿದಳು.

“ಹಂಗಂದ್ರ, ನಾ ಏನ ಮಾಡಿದ್ರೂ ನನ್ನ ಮಗಳು ಸಾಯಾಕಿನ ಇದ್ಳೇನ?”

ಇಷ್ಟು ವರ್ಷ ಅವ್ವನ ಪಾಲಿಗೆ, ಅಕ್ಕ ಉಳಿಯಬಹುದಾಗಿತ್ತು ಎಂಬುದಾದರೂ ಇತ್ತು. ಇವತ್ತು ನಾನು ಅದನ್ನೂ ಕಿತ್ತುಕೊಂಡೆ.