ಬರಿದಲೆಯ ಅರಸ

ರೋಮನ್ ಕಂಚಿನ ನಾಣ್ಯಗಳ ಹುಚ್ಚನ್ನು ಅವಳಿಗೆ ಹಿಡಿಸಿದವಳು ನಾನೇ. ನಾನು ಜೇವರ್ಗಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಅವಳು ಅಫಜಲಪುರದಲ್ಲಿ ಹಲ್ಲಿನ ಡಾಕ್ಟರು, ಹಾಸ್ಟೆಲಿನ ದಿನಗಳಿಂದ ನನ್ನ ಗೆಳತಿ. ಮದುರೆಯಲ್ಲಿ ರೈಲ್ವೆ ನೌಕರಿ ಮಾಡಿ ನಿವೃತ್ತನಾದ ನನ್ನ ಸೋದರಮಾವ, ಅಲ್ಲಿನ ಹೊಳೆಯ ಮರಳಿನಲ್ಲಿ ಸಿಗುವ ಇಂಥ ಹಳೆಯ ನಾಣ್ಯಗಳನ್ನು ಕೊಂಡು ತುಂಬಿಟ್ಟಿದ್ದ ಡಬ್ಬಿಯೊಂದನ್ನು ನನಗೆ ಕೊಟ್ಟಿದ್ದ. ಎಲ್ಲವೂ ಅಂಗಿಯ ಗುಂಡಿಯಷ್ಟು ಸಣ್ಣವು, ಹಸಿರು ಕಿಲುಬು ಹಿಡಿದವು.

ಒಂದು ಬದಿಗೆ ಅರಸನ ಮುಖ, ಅದರ ಸುತ್ತ ಹೆಸರು. ಇನ್ನೊಂದು ಬದಿಗೆ ಚಿತ್ರ, ಅದರ ಕೆಳಗೆ ಟಂಕಸಾಲೆಯಿದ್ದ ಊರಿನ ಗುರುತಕ್ಷರ. ಇಷ್ಟು ಸಿಕ್ಕರೆ ನಾಣ್ಯ ಯಾರದು, ಎಲ್ಲಿಯದು ಎಂದು ಹೇಳಬಹುದು. ವರ್ಷಗಟ್ಟಲೆ ಪುಸ್ತಕ ಹಿಡಿದು ಕೂತರೂ ನನಗೆ ಕಂಡದ್ದು ಅರ್ಧ ಮೂಗು, ಒಂದು ಕುದುರೆಯ ಕಾಲು.

ಒಂದು ಭಾನುವಾರ, ಘತ್ತರಗಿಯ ದೇವಿಯ ಗುಡಿಗೆ ಹೋಗುವವರಿಂದ ತುಂಬಿದ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಡಬ್ಬಿಯನ್ನು ಅವಳಿಗೆ ತೋರಿಸಿದೆ. ಅವಳು ಒಂದು ನಾಣ್ಯವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

“ಇಲ್ಲಿ ಕೆಳಗ ಎ, ಎಲ್, ಇ ಅಂತ ಅದ ನೋಡಬೇ. ಯಾವ ಊರಿದು?”

ಅಲೆಗ್ಸಾಂಡ್ರಿಯಾ! ನನ್ನ ಕಣ್ಣಿಗೆ ಒಮ್ಮೆಯೂ ಬೀಳದ ಅಕ್ಷರಗಳು. ಸಂತೋಷವಾಗಬೇಕಿತ್ತು, ಹೊಟ್ಟೆ ಉರಿಯಿತು. ಆದರೂ ಬಿಂಕಕ್ಕೆ, “ನೀನೇ ಇಟ್ಕೋ” ಎಂದು ಆ ನಾಣ್ಯವನ್ನು ಕೊಟ್ಟುಬಿಟ್ಟೆ.

ಅಲ್ಲಿಂದ ಮುಂದೆ ಅವಳದೇ ನಡೆಯಿತು. ಹಲ್ಲಿನ ಪಾಚಿ ತೆಗೆಯುವ ಕೈ, ಕಿಲುಬನ್ನೂ ಹಾಗೆಯೇ ನಾಜೂಕಾಗಿ ತೆಗೆಯುತ್ತಿತ್ತು. ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ, “ಭಾಳ ಶಾಣ್ಯಾಕಿ ಇದ್ದಾಳ ನಿನ್ನ ಗೆಳತಿ” ಎನ್ನುತ್ತಿದ್ದ. ನಾನು ರೊಟ್ಟಿಯನ್ನು ತುಸು ಜೋರಾಗಿಯೇ ಬಡಿಯುತ್ತಿದ್ದೆ.

ಕಳೆದ ಚಳಿಗಾಲದಲ್ಲಿ ಆಳಂದದ ಕಾಲೇಜೊಂದು ನಾಣ್ಯಗಳ ಬಗ್ಗೆ ಮಾತಾಡಲು ಕರೆಯಿತು. ಇತಿಹಾಸದವಳನ್ನಲ್ಲ, ಹಲ್ಲಿನ ಡಾಕ್ಟರನ್ನು. ಮುಂದಿನ ಸಾಲಿನಲ್ಲಿ ಕೂತು ನಾನು ಅವಳ ತಪ್ಪಿಗಾಗಿ ಕಾಯುತ್ತಿದ್ದೆ. ಪರದೆಯ ಮೇಲೆ ಆ ಅಲೆಗ್ಸಾಂಡ್ರಿಯಾದ ನಾಣ್ಯವೇ ತಟ್ಟೆಯಷ್ಟು ದೊಡ್ಡದಾಗಿ ಮೂಡಿತು. ಅವಳು ಅದರ ಮೇಲಿನ ಹೆಸರು ಓದಿ, ನಾಣ್ಯ ಆ ಹೆಸರಿನ ಚಕ್ರವರ್ತಿಯದು ಎಂದಳು. ನಾನು ನಾಣ್ಯದ ಅರಸನ ತಲೆಯನ್ನು ನೋಡಿದೆ. ಆ ಹೆಸರಿನವರು ಇಬ್ಬರಿದ್ದರು: ಒಬ್ಬ ಚಕ್ರವರ್ತಿ, ಇನ್ನೊಬ್ಬ ಅವನ ದಾಯಾದಿಯಾದ ಕಿರಿಯ ಅರಸ. ಚಕ್ರವರ್ತಿಯ ತಲೆಗೆ ಮುತ್ತಿನ ಪಟ್ಟಿ ಇರುತ್ತದೆ. ಇವನದು ಬರಿದಲೆ, ಅಂದರೆ ಇವನು ಕಿರಿಯವನು.

ಎದ್ದು ನಿಂತು ಅಷ್ಟನ್ನೂ ಹೇಳಿದೆ. ಅವಳು ಪರದೆಯ ಹತ್ತಿರ ಹೋಗಿ ನೋಡಿ, ಕೇಕೆ ಹಾಕಿದಳು.

“ಖರೆ ಅದ! ಇಷ್ಟ ದಿನ ನನ್ನ ಕೈಯಾಗ ಇತ್ತು, ನನಗ ಕಾಣಲೇ ಇಲ್ಲ! ನನಗ ಇದನ್ನೆಲ್ಲಾ ಕಲಿಸಿದಾಕಿ ಇಕೀನ ನೋಡ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆದ್ದವಳು ನಾನು, ಸಂಭ್ರಮಪಟ್ಟವಳು ಅವಳು. ಸೋತೂ ಹೀಗೆ ಕುಣಿಯುವ ಮನಸ್ಸು ಅವಳಿಗೆ ಎಲ್ಲಿಂದ ಬಂತು? ನಾಣ್ಯ ಓದುವ ಕಣ್ಣನ್ನು ಹೇಗೋ ಗಳಿಸಬಹುದು, ಈ ಮನಸ್ಸನ್ನು ಯಾವ ಪುಸ್ತಕದಲ್ಲಿ ಹುಡುಕಲಿ?

ಮರಳುವಾಗ ಅವಳದೇ ಕಾರು. ದಾರಿಯುದ್ದಕ್ಕೂ ಅವಳ ಬಾಯಲ್ಲಿ ಬರಿದಲೆಯ ಅರಸನದೇ ಮಾತು.

“ಯಾಕ ಸುಮ್ಮ ಕುಂತಿ ಬೇ? ತಲಿ ನೋಯಾಕತ್ತದೇನು?”

“ಹೂಂ” ಎಂದೆ.

ನಿಂಬರ್ಗಾದಲ್ಲಿ ಗಾಡಿ ನಿಲ್ಲಿಸಿ, ಶುಂಠಿ ಜಾಸ್ತಿ ಹಾಕಿಸಿ ಚಹಾ ತಂದುಕೊಟ್ಟಳು. ಒಳ್ಳೆಯ ಚಹಾ. ಅದೂ ನನಗೆ ಸಹಿಸಲಾಗಲಿಲ್ಲ.